ಆಸ್ಟ್ರೇಲಿಯಾದಲ್ಲಿ ಮನೆ ಬೆಲೆ ಏರಿದರೆ ಪೆನ್ಷನ್ ಇಳಿಯುತ್ತಾ? ಲೆಕ್ಕ ಹಾಕುವುದು ಹೀಗೆ

ಸಿಡ್ನಿ, ಮೆಲ್ಬರ್ನ್‌ನಲ್ಲಿ ವರ್ಷಗಳ ಹಿಂದೆ ಮನೆ ಕೊಂಡ ಕನ್ನಡಿಗರು ಈಗ ನಿವೃತ್ತರಾಗುತ್ತಿದ್ದಾರೆ. ಅಂಥ ಎಷ್ಟೋ ಮನೆಗಳ ಬೆಲೆ ಹತ್ತು ಲಕ್ಷ ಡಾಲರ್ ದಾಟಿದೆ. ಇಷ್ಟು ದೊಡ್ಡ ಆಸ್ತಿ ಇಟ್ಟುಕೊಂಡವರಿಗೆ ಸರ್ಕಾರ ಪೆನ್ಷನ್ ಕೊಡುತ್ತಾ? ಕೊಡಬಹುದು. ಬೆಲೆ ಏರಿದ್ದು ಯಾವ ಮನೆಯದು ಅನ್ನುವುದನ್ನು ಮೊದಲು ನೋಡಬೇಕು.

ಅರ್ಹತೆ ಇದೆಯಾ?

ಏಜ್ ಪೆನ್ಷನ್, ಅಂದರೆ ಸರ್ಕಾರದ ವೃದ್ಧಾಪ್ಯ ಪೆನ್ಷನ್‌ಗೆ 67 ವರ್ಷ ತುಂಬಿರಬೇಕು. ಅಲ್ಲಿನ ನಿವಾಸಿಯಾಗಿ ಒಟ್ಟು 10 ವರ್ಷ ಆಗಿರಬೇಕು, ಅದರಲ್ಲಿ 5 ವರ್ಷವಾದರೂ ಎಡೆಬಿಡದೆ. ಆಮೇಲೆ ಪೆನ್ಷನ್ ಕೊಡುವ ಸರ್ಕಾರಿ ಸಂಸ್ಥೆ ಸೆಂಟರ್‌ಲಿಂಕ್ ನಿಮ್ಮ ಆದಾಯ, ಆಸ್ತಿ ಎರಡನ್ನೂ ಬೇರೆಬೇರೆಯಾಗಿ ಅಳೆಯುತ್ತದೆ. ಯಾವ ಲೆಕ್ಕದಲ್ಲಿ ಕಡಿಮೆ ಬರುತ್ತದೋ ಅಷ್ಟೇ ಕೈಗೆ ಸಿಗುವುದು.

ವಾಸದ ಮನೆಯನ್ನು ಬದಿಗಿಡಿ

ನೀವು ವಾಸಿಸುವ ಮನೆ ಆಸ್ತಿ ಲೆಕ್ಕಕ್ಕೆ ಬರುವುದಿಲ್ಲ. ಸುತ್ತಲಿನ ಜಾಗ 2 ಹೆಕ್ಟೇರ್, ಅಂದರೆ ಸುಮಾರು 5 ಎಕರೆ ಒಳಗಿದ್ದರೆ ಸಾಕು. ಬೆಲೆ ದುಪ್ಪಟ್ಟಾದರೂ ಈ ಮನೆಯಿಂದ ಪೆನ್ಷನ್ ಒಂದು ಸೆಂಟ್ ಇಳಿಯದು.

ಇದು ನ್ಯಾಯವಾ? ನನಗಂತೂ ಅನುಮಾನ. 30 ಲಕ್ಷ ಡಾಲರ್‌ನ ಸ್ವಂತ ಮನೆಯಲ್ಲಿ ಇರುವವರಿಗೆ ಪೂರ್ತಿ ಪೆನ್ಷನ್ ಸಿಗಬಹುದು. 2025ರ ಮಿತಿಯಂತೆ, ಬಾಡಿಗೆ ಮನೆಯಲ್ಲಿದ್ದು ಬ್ಯಾಂಕಿನಲ್ಲಿ 10 ಲಕ್ಷ ಡಾಲರ್ ಇಟ್ಟ ಒಂಟಿ ವ್ಯಕ್ತಿಗೆ ಏನೂ ಇಲ್ಲ. ಪೂರ್ತಿ ಪೆನ್ಷನ್‌ಗೆ ಇರುವ ಆಸ್ತಿ ಮಿತಿ ಬಾಡಿಗೆಯವರಿಗೆ 2025ರ ಜುಲೈನಲ್ಲಿ 2,58,000 ಡಾಲರ್ ಜಾಸ್ತಿ ಇತ್ತು ನಿಜ. ಅಷ್ಟು ದುಡ್ಡಿಗೆ ಸಿಡ್ನಿಯಲ್ಲೊಂದು ಮನೆ ಬರಲಿ, ನೋಡೋಣ!

ಉಳಿದದ್ದೆಲ್ಲ ಪಟ್ಟಿಗೆ

ಬಾಡಿಗೆಗೆ ಕೊಟ್ಟ ಮನೆ, ಸೂಪರ್ (ಕೆಲಸದಲ್ಲಿದ್ದಾಗ ಕೂಡಿಟ್ಟ ನಿವೃತ್ತಿ ನಿಧಿ) ಹಣ, ಠೇವಣಿ, ಷೇರು, ಕಾರು, ಎಲ್ಲವನ್ನೂ ಬರೆದುಕೊಳ್ಳಿ. ದಂಪತಿಯಾಗಿದ್ದರೆ ಇಬ್ಬರದೂ ಸೇರಿ. ಎರಡನೇ ಮನೆಗೆ ಇವತ್ತಿನ ಮಾರುಕಟ್ಟೆ ಬೆಲೆ ಹಿಡಿಯಬೇಕು, ಕೊಂಡ ಬೆಲೆ ಅಲ್ಲ. ಆ ಮನೆಯ ಮೇಲೆಯೇ ಸಾಲ ಇದ್ದರೆ ಕಳೆಯಬಹುದು. ವಾಸದ ಮನೆಯನ್ನು ಅಡವಿಟ್ಟು ತೆಗೆದ ಸಾಲವನ್ನು ಕಳೆಯಲು ಬಿಡುವುದಿಲ್ಲ. ಸಾಲ ತೆಗೆಯುವಾಗ ಇದನ್ನು ಯಾರೂ ಯೋಚಿಸಿರುವುದಿಲ್ಲ, ಅಲ್ವಾ?

ಊರಿನ ಆಸ್ತಿಯೂ ಪಟ್ಟಿಗೆ ಸೇರುತ್ತದೆ. ಮೈಸೂರಿನ ಸೈಟ್, ಬೆಂಗಳೂರಿನ ಫ್ಲ್ಯಾಟ್, ಹಾಸನದ ತೋಟ, ಎಲ್ಲಿದ್ದರೂ ಹೇಳಲೇಬೇಕು. ಸಬ್ ರಿಜಿಸ್ಟ್ರಾರ್ ಕಚೇರಿಯ ಗೈಡೆನ್ಸ್ ವ್ಯಾಲ್ಯೂ ತೋರಿಸಿದರೆ ಸಾಲದು. ಮಾರಿದರೆ ಎಷ್ಟು ಬರುತ್ತದೋ ಅದನ್ನು ಡಾಲರ್‌ಗೆ ತಿರುಗಿಸಿ ಬರೆಯಬೇಕು. ಅಣ್ಣ ತಮ್ಮಂದಿರ ಜೊತೆ ಜಂಟಿಯಾಗಿದ್ದರೆ ನಿಮ್ಮ ಪಾಲು ಮಾತ್ರ. ಅದಕ್ಕೆ ಪಾಲುಪತ್ರ, ಖಾತೆ ಕಾಗದ ಕೈಯಲ್ಲಿರಲಿ.

ಈಗ ಲೆಕ್ಕ

2025ರ ಜುಲೈ 1ರಂದು ನಿಗದಿಯಾದ ಮಿತಿಯಂತೆ, ಸ್ವಂತ ಮನೆಯುಳ್ಳ ಒಂಟಿ ವ್ಯಕ್ತಿಗೆ 3,21,500 ಡಾಲರ್‌ವರೆಗೆ, ದಂಪತಿಗೆ 4,81,500 ಡಾಲರ್‌ವರೆಗೆ ಆಸ್ತಿ ಇದ್ದರೂ ಪೂರ್ತಿ ಪೆನ್ಷನ್. ಅದಕ್ಕಿಂತ ಮೇಲಿನ ಪ್ರತಿ 1,000 ಡಾಲರ್‌ಗೆ ಎರಡು ವಾರದ ಪೆನ್ಷನ್‌ನಲ್ಲಿ 3 ಡಾಲರ್ ಕಡಿತ. ಈ ಮಿತಿಗಳು ಪ್ರತಿ ಜುಲೈನಲ್ಲಿ ಬದಲಾಗುತ್ತವೆ, ಹೊಸದನ್ನು ನೋಡಿಕೊಳ್ಳಿ.

ಸ್ವಂತ ಮನೆಯಲ್ಲಿರುವ ಒಂದು ದಂಪತಿಯ ಲೆಕ್ಕ ಹಾಕೋಣ. ಬಾಡಿಗೆಗೆ ಕೊಟ್ಟ ಸಾಲವಿಲ್ಲದ ಯೂನಿಟ್ (ಫ್ಲ್ಯಾಟ್) 5,00,000 ಡಾಲರ್. ಸೂಪರ್ 2,00,000. ಕಾರು, ಸಾಮಾನು 25,000. ಒಟ್ಟು 7,25,000. ಮಿತಿಗಿಂತ 2,43,500 ಜಾಸ್ತಿ, ಹಾಗಾಗಿ ಕಡಿತ 730.50. 2025ರ ಸೆಪ್ಟೆಂಬರ್ ದರದಲ್ಲಿ ಇಬ್ಬರಿಗೂ ಸೇರಿ ಪೂರ್ತಿ ಪೆನ್ಷನ್ ಎರಡು ವಾರಕ್ಕೆ 1,777 ಡಾಲರ್. ಕೈಗೆ ಬರುವುದು 1,046.50.

ಇನ್ನು ಯೂನಿಟ್ ಬೆಲೆ 6,00,000 ಆಯಿತು ಅನ್ನಿ. ಪೆನ್ಷನ್ 746.50ಕ್ಕೆ ಇಳಿಯುತ್ತದೆ. ವರ್ಷಕ್ಕೆ 7,800 ಡಾಲರ್ ಖೋತಾ! ಬಾಡಿಗೆ ಅಷ್ಟು ಏರಿರುತ್ತದಾ? ಇಲ್ಲ. ಬೆಲೆ ಏರಿದ್ದು ಕಾಗದದ ಮೇಲೆ, ಕಡಿತ ಮಾತ್ರ ಕೈಗೆ ಬರುವ ದುಡ್ಡಿನಲ್ಲಿ.

ಮಾರುವ, ಕೊಡುವ ಮುನ್ನ

ದೊಡ್ಡ ಮನೆ ಮಾರಿ ಚಿಕ್ಕದಕ್ಕೆ ಹೋದರೆ ಉಳಿದ ಹಣ ಆಸ್ತಿ ಲೆಕ್ಕಕ್ಕೆ ಬರುತ್ತದೆ. ಹೊಸ ಮನೆಗೆಂದು ಎತ್ತಿಟ್ಟ ಹಣಕ್ಕೆ ಮಾತ್ರ ಆಸ್ತಿ ಪರೀಕ್ಷೆಯಲ್ಲಿ 24 ತಿಂಗಳ ವಿನಾಯಿತಿ.

ಮಕ್ಕಳಿಗೆ ಬರೆದುಕೊಟ್ಟು ತಪ್ಪಿಸಿಕೊಳ್ಳೋಣ ಅಂದರೆ ಅದಕ್ಕೂ ಕಟ್ಟು ಇದೆ. ಹಣಕಾಸು ವರ್ಷಕ್ಕೆ 10,000 ಡಾಲರ್, 5 ವರ್ಷಕ್ಕೆ ಒಟ್ಟು 30,000. ಮೀರಿದ್ದು 5 ವರ್ಷ ನಿಮ್ಮದೇ ಆಸ್ತಿ ಅಂತ ಉಳಿಯುತ್ತದೆ. ಮೈಸೂರಿನ ಸೈಟನ್ನು ಮಗಳಿಗೆ ದಾನಪತ್ರ ಮಾಡಿದರೂ ಇದೇ ನಿಯಮ.

ಮನೆ ಇದೆ, ಖರ್ಚಿಗೆ ಕಾಸಿಲ್ಲ ಅನ್ನುವವರಿಗೆ ಹೋಮ್ ಇಕ್ವಿಟಿ ಆಕ್ಸೆಸ್ ಸ್ಕೀಮ್ ಇದೆ. ಮನೆಯ ಭದ್ರತೆಯ ಮೇಲೆ ಸರ್ಕಾರವೇ ಸಾಲ ಕೊಡುತ್ತದೆ. ಬಡ್ಡಿ ಚಕ್ರಬಡ್ಡಿ, ಹಾಗಾಗಿ ಮಕ್ಕಳ ಜೊತೆ ಮಾತಾಡಿಯೇ ಸಹಿ ಹಾಕಿ.

ಹೇಳುವುದು, ಕೇಳುವುದು

ಆಸ್ತಿ ಕೊಂಡರೆ, ಮಾರಿದರೆ 14 ದಿನದೊಳಗೆ ಸೆಂಟರ್‌ಲಿಂಕ್‌ಗೆ ತಿಳಿಸಿ. ಮುಚ್ಚಿಟ್ಟು ಹೆಚ್ಚಿಗೆ ಪಡೆದರೆ ಅದು ಸಾಲವಾಗಿ ನಿಲ್ಲುತ್ತದೆ, ವಾಪಸ್ ಕಟ್ಟಬೇಕು. ಅವರು ನಿಮ್ಮ ಎರಡನೇ ಮನೆಗೆ ಹಿಡಿದ ಬೆಲೆ ಜಾಸ್ತಿ ಅನ್ನಿಸಿದರೆ ಸುಮ್ನೆ ಒಪ್ಪಿಕೊಳ್ಳಬೇಡಿ. ಅದೇ ಬೀದಿಯಲ್ಲಿ ಇತ್ತೀಚೆಗೆ ಮಾರಾಟವಾದ ಮನೆಗಳ ಬೆಲೆ, ರಿಪೇರಿ ಬೇಕಾದ ಭಾಗಗಳ ಫೋಟೋ ಇಟ್ಟುಕೊಂಡು ಮರುಪರಿಶೀಲನೆ ಕೇಳಿ.