ಕಂದು ಕಣ್ಣಿನಲ್ಲಿ ಬಣ್ಣ ಹುಡುಕೋದು ಬಿಟ್ಟ ಮೇಲೆ

ಫುಕ್ಸ್ ಯುವೈಟಿಸ್ (ಹೆಚ್ಚಾಗಿ ಒಂದೇ ಕಣ್ಣಿನೊಳಗೆ ಬರುವ ಒಂದು ಥರದ ಉರಿಯೂತ) ಅಂದರೆ ಎರಡು ಕಣ್ಣಿನ ಬಣ್ಣ ಬೇರೆ ಬೇರೆ ಇರುತ್ತೆ ಅಂತ ಕಾಲೇಜಿನಲ್ಲಿ ನಮಗೆಲ್ಲ ಬಾಯಿಪಾಠ ಮಾಡಿಸಿದ್ದರು. ವಿಯೆನ್ನಾದ ಅರ್ನ್ಸ್ಟ್ ಫುಕ್ಸ್ 1906ರಲ್ಲಿ ಬರೆದದ್ದು ತನ್ನೂರಿನ ಕಣ್ಣುಗಳನ್ನು ನೋಡಿ. ಬಸವನಗುಡಿಯ ನನ್ನ ಕನ್ನಡಕದ ಅಂಗಡಿಗೆ ಬರುವವರೆಲ್ಲ ಕಂದು ಕಣ್ಣಿನವರು. ತಿಂಗಳಿಗೆ ಒಂದೋ ಎರಡೋ ಬೆಕ್ಕಿನ ಕಣ್ಣು ಬಂದರೆ ಹೆಚ್ಚು. ಈ ಕಾಯಿಲೆಯಲ್ಲಿ ಕಡು ಕಂದು ಐರಿಸ್‌ನ (ಪಾಪೆಯ ಸುತ್ತಲಿನ ಬಣ್ಣದ ಬಳೆ) ಮೇಲ್ಪದರ ಸವೆದರೂ ಉಳಿದದ್ದು ಕಂದೇ. ಸ್ಲಿಟ್ ಲ್ಯಾಂಪಿನಲ್ಲಿ (ಕಣ್ಣು ಪರೀಕ್ಷೆಯ ಮೈಕ್ರೋಸ್ಕೋಪ್) ಕೂತು ಎಷ್ಟು ನೋಡಿದರೂ ಎರಡೂ ಒಂದೇ ಥರ ಕಾಣುತ್ತವೆ.

ನನಗೆ ದಾರಿ ಸಿಕ್ಕಿದ್ದು ಆಧಾರ್ ಕೇಂದ್ರದಲ್ಲಿ. ಅಮ್ಮನ ಆಧಾರ್ ಅಪ್‌ಡೇಟ್ ಮಾಡಿಸೋಕೆ ಹೋಗಿದ್ದೆ. ಅವರ ಕಣ್ಣು ಕಾಡಿಗೆಯಷ್ಟು ಕಪ್ಪು. ಆದರೆ ಆಪರೇಟರ್ ಸ್ಕ್ರೀನಿನಲ್ಲಿ ಐರಿಸ್‌ನ ಒಂದೊಂದು ಎಳೆಯೂ ಬೂದು ಬಣ್ಣದಲ್ಲಿ ಎದ್ದು ಕಾಣುತ್ತಿತ್ತು. ಆ ಯಂತ್ರ ಬಳಸೋದು ಇನ್ಫ್ರಾರೆಡ್ ಬೆಳಕು. ಅದಕ್ಕೆ ಕಣ್ಣಿಗೆ ಕಂದು ಬಣ್ಣ ಕೊಡುವ ಮೆಲನಿನ್ ಅಷ್ಟಾಗಿ ಅಡ್ಡ ಬರಲ್ಲ. ಚಿಕ್ಕಪೇಟೆಯಲ್ಲಿ ಸೀರೆ ಆರಿಸುವ ಅತ್ತೆಯರು ಬಣ್ಣಕ್ಕೆ ಮರುಳಾಗದೆ ಸೆರಗು ತಿರುಗಿಸಿ ನೇಯ್ಗೆ ನೋಡ್ತಾರಲ್ಲ, ಹಾಗೆ. ಫುಕ್ಸ್‌ನಲ್ಲಿ ಐರಿಸ್‌ನ ಗುಳಿ, ಮಡಿಕೆಗಳೆಲ್ಲ ಸವೆದು ಚಪ್ಪಟೆಯಾಗುತ್ತವೆ. ಬಣ್ಣ ಮುಚ್ಚಿಟ್ಟದ್ದನ್ನು ನೇಯ್ಗೆ ಹೇಳಬೇಕು, ಅಲ್ವಾ?

ಹಿಂದೆ ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ಹಿರಿಯ ಡಾಕ್ಟರಿಗೆ ಇದನ್ನು ಹೇಳಿದೆ. "ಕನ್ನಡಕ ಮಾರೋದು ಬಿಟ್ಟು ಕ್ಯಾಮೆರಾ ರಿಪೇರಿ ಶುರು ಮಾಡಿದ್ಯೇನಯ್ಯಾ?" ಅಂತ ನಕ್ಕರು. ಸ್ಲಿಟ್ ಲ್ಯಾಂಪಿಗೆ ಸಿದ್ಧ ಕ್ಯಾಮೆರಾ ಕೇಳಿದರೆ ಡೀಲರ್ ಒಂದೂವರೆ ಲಕ್ಷದ ಮೇಲೆ ಹೇಳಿದ. ನೇರ ಎಲೆಕ್ಟ್ರಾನಿಕ್ಸ್ ಸಾಮಾನು ಸಿಗುವ ಎಸ್.ಪಿ. ರೋಡಿಗೆ ಹೋದೆ.

ಮೊದಲು ಹಳೇ ವೆಬ್‌ಕ್ಯಾಮ್ ಬಿಚ್ಚಿದೆ. ಇನ್ಫ್ರಾರೆಡ್ ತಡೆಯುವ ಗಾಜು ಕೀಳುವಾಗ ಸೆನ್ಸರ್ ಗೀರಿತು. ಎರಡನೆಯದೂ ಹಾಗೇ. ಆಮೇಲೆ ಆರು ಸಾವಿರ ಕೊಟ್ಟು ಸೆಕೆಂಡ್ ಹ್ಯಾಂಡ್ ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮೆರಾ ತಂದೆ. ಗಾಜು ತೆಗೆಯೋಕೆ ರಿಪೇರಿಯವನಿಗೆ ಇನ್ನೊಂದು ಎರಡು ಸಾವಿರ. ಫಿಲ್ಟರ್‌ಗೆ ಮಾತ್ರ ಬಿಡಿಗಾಸು ಖರ್ಚಿಲ್ಲ. ತೊಳೆಸಿದ ಹಳೇ ಕಲರ್ ನೆಗೆಟಿವ್‌ನ ಕಪ್ಪು ತುದಿ ಇದೆಯಲ್ಲ, ಅದೇ ಸಾಕು. ಕಣ್ಣಿಗೆ ಕಾಣುವ ಬೆಳಕನ್ನು ತಡೆದು ಇನ್ಫ್ರಾರೆಡ್ ಬಿಡುತ್ತೆ. ಹಾಳಾದದ್ದೆಲ್ಲ ಸೇರಿ ಹದಿನಾಲ್ಕು ಸಾವಿರದ ಆಸುಪಾಸು ಆಯಿತು. ಹೆಂಡತಿಗೆ ಒಂಬತ್ತು ಅಂತ ಹೇಳಿದ್ದೇನೆ.

ಆದರೂ ಮೊದಲ ನಲವತ್ತು ಫೋಟೊ ಕಸ. ಫೋಕಸ್ ಮಸುಕು, ಯಾಕಂದರೆ ಇನ್ಫ್ರಾರೆಡ್‌ನ ಫೋಕಸ್ ಬೇರೆ ಕಡೆ ಕೂರುತ್ತೆ. ಅದು ಬೇಗ ಗೊತ್ತಾಯಿತು. ಇನ್ನೊಂದು ತಪ್ಪು ತಿಳಿಯೋಕೆ ಎರಡು ತಿಂಗಳು ಬೇಕಾಯಿತು. ಈ ಬೆಳಕಿಗೆ ಪಾಪೆ ಕುಗ್ಗಲ್ಲ. ಕತ್ತಲ ಕೋಣೆಯಲ್ಲಿ ಅದು ದೊಡ್ಡದಾಗಿ ಅರಳಿ, ಐರಿಸ್ ಅಂಚಿಗೆ ಮುದುಡಿಕೊಳ್ಳುತ್ತೆ. ಮುದುಡಿದ ಬಟ್ಟೆಯಲ್ಲಿ ನೇಯ್ಗೆ ಎಲ್ಲಿಂದ ಕಾಣಬೇಕು? ಎರಡು ಕಣ್ಣಿಗೂ ಸಮನಾಗಿ ಬೀಳುವ ಸಣ್ಣ ಬಲ್ಬ್ ಇಟ್ಟೆ, ಸರಿಹೋಯಿತು. ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಮೇಲಿನ ಹೊಳಪು ಬರದ ಹಾಗೆ ಇನ್ಫ್ರಾರೆಡ್ ಎಲ್‌ಇಡಿಯನ್ನು ಯಾವ ಕೋನದಲ್ಲಿ ಕೂರಿಸಿದೆ ಅನ್ನೋದು ನನ್ನ ಗುಟ್ಟು, ಸದ್ಯಕ್ಕೆ ಹೇಳಲ್ಲ. ಪವರ್ ವಿಷಯದಲ್ಲಿ ಮಾತ್ರ ಗುಟ್ಟಿಲ್ಲ. ಇನ್ಫ್ರಾರೆಡ್ ಬೆಳಕು ಚುಚ್ಚಿದರೂ ಕಣ್ಣು ತಾನಾಗಿ ಮುಚ್ಚಿಕೊಳ್ಳಲ್ಲ. ಕಮ್ಮಿ ಕರೆಂಟ್, ಒಂದೆರಡು ಸೆಕೆಂಡ್, ಅಷ್ಟೇ. ಗೊತ್ತಿರುವ ಇಂಜಿನಿಯರ್ ಹತ್ತಿರ ಅಳತೆ ಮಾಡಿಸಿದ ಮೇಲೇ ರೋಗಿಯ ಮುಂದೆ ಇಟ್ಟದ್ದು. ಪಾಪೆ ಅರಳಿಸುವ ಡ್ರಾಪ್ಸ್ ಹಾಕುವ ಮುಂಚೆಯೇ ಫೋಟೊ ತೆಗೀಬೇಕು ಅಂತ ನಿಮಗೆ ಬೇರೆ ಹೇಳಬೇಕಿಲ್ಲ.

ಡ್ರಾಪ್ಸ್ ಅಂದಾಗ ನೆನಪಾಯಿತು. ಆ ಡ್ರಾಪ್ಸ್, ಅಂದರೆ ಟ್ರೋಪಿಕಮೈಡ್, ಹಾಕಿ ಪಾಪೆ ಅರಳೋಕೆ ಎಷ್ಟು ಹೊತ್ತು ಅಂತ ಸುಮ್ನೆ ಟೈಮ್ ಬರೆದಿಡುತ್ತಾ ಬಂದೆ. ಇಪ್ಪತ್ತು ನಿಮಿಷದ ಲೆಕ್ಕ ನಮ್ಮ ಕಡು ಕಂದು ಕಣ್ಣಿಗೆ ಸಾಲಲ್ಲ. ಔಷಧಿ ಮೆಲನಿನ್‌ಗೆ ಅಂಟಿಕೊಳ್ಳುತ್ತಲ್ಲ, ಮೂವತ್ತು ಮೂವತ್ತೈದು ನಿಮಿಷ ಬೇಕು.

ಇನ್ನೊಂದು ಹುಚ್ಚೂ ಇತ್ತು. ಆಸ್ಟ್ರೇಲಿಯಾದ ಬ್ಲೂ ಮೌಂಟನ್ಸ್ ಅಧ್ಯಯನದಲ್ಲಿ ಕಡು ಕಂದು ಕಣ್ಣಿನವರಿಗೆ ಪೊರೆ ಜಾಸ್ತಿ ಅಂತ ಬಂದಿತ್ತು. ತಿಳಿ ಬಣ್ಣದವರಿಗೆ ಕಣ್ಣಿನ ಮೆಲನೋಮದ (ಒಂದು ಬಗೆಯ ಕ್ಯಾನ್ಸರ್) ಅಪಾಯ ಹೆಚ್ಚು ಅನ್ನೋದಂತೂ ಗೊತ್ತೇ ಇದೆ. ನಾನೂ ಪೇಂಟ್ ಅಂಗಡಿಯ ಶೇಡ್ ಕಾರ್ಡ್ ಹಿಡಿದು ಗಿರಾಕಿಗಳ ಕಂದು ಬಣ್ಣ ಗುರುತು ಹಾಕಿಕೊಂಡೆ. ಬೆಳಗಿನ ಬಿಸಿಲಿಗೆ ಒಂದು ಶೇಡ್, ಸಂಜೆ ಟ್ಯೂಬ್‌ಲೈಟಿಗೆ ಇನ್ನೊಂದು. ಅರವತ್ತು ದಾಟಿದವರಿಗೆಲ್ಲ ಹೇಗೂ ಸ್ವಲ್ಪ ಪೊರೆ ಇದ್ದೇ ಇರುತ್ತೆ. ಕಾರ್ಡ್ ಈಗ ಮಗಳ ಆಟಕ್ಕೆ ಹೋಗಿದೆ.

ಅಷ್ಟರಲ್ಲಿ ಒಬ್ಬ ಹುಡುಗ ಬಂದ. ಮೂವತ್ತೆರಡೋ ಮೂವತ್ತಮೂರೋ ವಯಸ್ಸು. ಎಡಗಣ್ಣು ಮಾತ್ರ ಮಂಜು. "ನೋವಿಲ್ಲ ಸಾರ್, ಕೆಂಪೂ ಆಗಿಲ್ಲ" ಅಂದ. ಬೇರೆಲ್ಲೋ ಯುವೈಟಿಸ್ ಅಂದಿದ್ದರಂತೆ, ಎಂಟು ತಿಂಗಳಿಂದ ಸ್ಟೀರಾಯ್ಡ್ ಡ್ರಾಪ್ಸ್ ಹಾಕ್ತಿದ್ದ. ಎರಡು ಕಣ್ಣಿನ ಫೋಟೊ ಅಕ್ಕಪಕ್ಕ ಇಟ್ಟೆ. ಬಲಗಣ್ಣಿನಲ್ಲಿ ಎಳೆ ಎಳೆ ಎಣಿಸಬಹುದು. ಎಡಗಣ್ಣು ಇಸ್ತ್ರಿ ಹೊಡೆದ ಹಾಗೆ ನುಣ್ಣಗಿದೆ. ಕೈ ಸ್ವಲ್ಪ ನಡುಗಿತು, ಸುಳ್ಳು ಯಾಕೆ ಹೇಳಲಿ.

ಕಾಯಿಲೆಗೆ ಹೆಸರಿಡೋದು ನನ್ನ ಕೆಲಸವಲ್ಲ. ಫೋಟೊ ಪ್ರಿಂಟ್ ಹಾಕಿಸಿ ಅದೇ ನಕ್ಕ ಡಾಕ್ಟರ ಹತ್ತಿರ ಕಳಿಸಿದೆ. ಕಾರ್ನಿಯಾ ಹಿಂದೆ ಮೇಲಿಂದ ಕೆಳಗಿನವರೆಗೂ ನಕ್ಷತ್ರದಂಥ ಸಣ್ಣ ಕೆಪಿಗಳು (ಉರಿಯೂತದ ಕಣಗಳು ಅಂಟಿದ ಚುಕ್ಕೆಗಳು) ಇದ್ದವಂತೆ. ಐರಿಸ್ ಎಲ್ಲೂ ಅಂಟಿಕೊಂಡಿರಲಿಲ್ಲ. ಫುಕ್ಸ್ ಅಂತಲೇ ಬರೆದರು. ಫುಕ್ಸ್‌ಗೆ ವರ್ಷಗಟ್ಟಲೆ ಸ್ಟೀರಾಯ್ಡ್ ಹಾಕಿ ಉಪಯೋಗವಿಲ್ಲ, ಕಣ್ಣಿನ ಪ್ರೆಷರ್ ಏರುತ್ತೆ ಅಷ್ಟೇ. ಅದನ್ನು ನಿಲ್ಲಿಸಿ, ಆಮೇಲೆ ಪೊರೆ ಆಪರೇಷನ್ ಮಾಡಿದರು.

ಆಮೇಲೆ ಸುಮಾರು ಇನ್ನೂರು ಜನರ ಫೋಟೊ ತೆಗೆದಿದ್ದೇನೆ. ಅನುಮಾನ ಬಂದು ಕಳಿಸಿದ್ದು ಆರು ಜನರನ್ನು. ಮೂರು ಫುಕ್ಸ್, ಉಳಿದ ಮೂರು ನನ್ನ ತಪ್ಪು ಎಣಿಕೆ. ಅದರಲ್ಲಿ ಒಂದಕ್ಕೆ ಕಾರಣ ಲೆನ್ಸ್ ಮೇಲಿದ್ದ ಬೆರಳಿನ ಗುರುತು! ಡಾಕ್ಟರು ಈಗ ಚೀಟಿಯಲ್ಲಿ "ಎರಡೂ ಕಣ್ಣಿನ ಫೋಟೊ" ಅಂತ ಬರೆದು ರೋಗಿಗಳನ್ನು ಕಳಿಸ್ತಾರೆ. ದುಡ್ಡಿನ ಮಾತು ಅವರೂ ಎತ್ತಿಲ್ಲ, ನಾನೂ ಎತ್ತಿಲ್ಲ.