ಕೈಯಿಂದಲೇ ಕಾರು: ಹ್ಯಾಂಡ್ ಕಂಟ್ರೋಲ್ ಜೊತೆ ಅಡಾಸ್ ಹೊಂದಿಸಿಕೊಳ್ಳುವ ಬಗೆ

ತಾನೇ ಓಡುವ ಕಾರು ಬರಲಿ, ಆಮೇಲೆ ಕೊಂಡರಾಯಿತು ಎಂದು ಕೂತರೆ ಕೂತೇ ಇರಬೇಕಾಗುತ್ತದೆ. 2015ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ಕಣ್ಣು ಕಾಣದ ಸ್ಟೀವ್ ಮಹಾನ್, ಸ್ಟೀರಿಂಗ್ ಪೆಡಲ್ ಎರಡೂ ಇಲ್ಲದ ಗೂಗಲ್ ಕಾರಿನಲ್ಲಿ ಒಬ್ಬರೇ ಕೂತು ರಸ್ತೆಗಿಳಿದರು. ಫೀನಿಕ್ಸ್‌ನಲ್ಲಿ 2020ರಿಂದ ವೇಮೋದ ಚಾಲಕರಿಲ್ಲದ ಟ್ಯಾಕ್ಸಿ ಜನರನ್ನು ಒಯ್ಯುತ್ತಿದೆ. ಅವು ಮೊದಲೇ ಇಂಚಿಂಚೂ ನಕ್ಷೆ ಮಾಡಿಟ್ಟ ಊರುಗಳಲ್ಲಿ ಓಡುವಂಥವು. ನಮ್ಮ ಷೋರೂಮುಗಳಲ್ಲಿ ‘ಅಡಾಸ್’ (ಓಡಿಸುವವರಿಗೆ ನೆರವಾಗುವ ವ್ಯವಸ್ಥೆ) ಎಂದು ಮಾರುವುದು, ತಾನೇ ಓಡುವ ಸಾಮರ್ಥ್ಯದ ಅಳತೆಯಲ್ಲಿ, ಹೆಚ್ಚೆಂದರೆ 2ನೇ ಹಂತದ್ದು. ಅಷ್ಟಿಷ್ಟು ಬ್ರೇಕ್ ಹಾಕುತ್ತದೆ, ಅಷ್ಟಿಷ್ಟು ಸ್ಟೀರಿಂಗ್ ತಿರುಗಿಸುತ್ತದೆ. ಜವಾಬ್ದಾರಿ ಪೂರ್ತಿ ಓಡಿಸುವವರದೇ. ಹಾಗಾಗಿ ದೃಷ್ಟಿ ಇಲ್ಲದವರಿಗೆ ಸದ್ಯ ಇದರಿಂದ ಪ್ರಯೋಜನವಿಲ್ಲ. ಪೋಲಿಯೊ, ಬೆನ್ನುಹುರಿ ಪೆಟ್ಟು ಮುಂತಾದವುಗಳಿಂದ ಕಾಲಿನ ಬಲ ಹೋಗಿ ಎರಡೂ ಕೈ ಗಟ್ಟಿ ಇದ್ದವರು ಮಾತ್ರ ಹ್ಯಾಂಡ್ ಕಂಟ್ರೋಲ್ (ಬ್ರೇಕ್, ಆಕ್ಸಿಲರೇಟರ್ ಎರಡನ್ನೂ ಕೈಯಿಂದಲೇ ನಡೆಸುವ ಲಿವರ್) ಕೂರಿಸಿದ ಆಟೊಮ್ಯಾಟಿಕ್ ಕಾರನ್ನು ಇವತ್ತೇ ಓಡಿಸಬಹುದು. ಹ್ಯಾಂಡ್ ಕಂಟ್ರೋಲ್ ರೊಟ್ಟಿ, ಅಡಾಸ್ ಅದರ ಮೇಲಿನ ತುಪ್ಪ.

ಕಾರು ನೋಡಲು ಹೋಗುವಾಗ ಅಳತೆ ಟೇಪು ಜೊತೆಗಿರಲಿ. ವೀಲ್‌ಚೇರಿನ ಸೀಟು ಸಾಮಾನ್ಯವಾಗಿ ನೆಲದಿಂದ 45ರಿಂದ 50 ಸೆಂ.ಮೀ. ಎತ್ತರ ಇರುತ್ತದೆ. ಕಾರಿನ ಸೀಟು ಅದಕ್ಕೆ ಹತ್ತಿರ ಇರಬೇಕು. ತೀರಾ ಮೇಲಿದ್ದರೆ ಹತ್ತುವಾಗ, ತೀರಾ ಕೆಳಗಿದ್ದರೆ ಇಳಿಯುವಾಗ ಭುಜ ಸೋಲುತ್ತದೆ. ಎತ್ತರದ ಎಸ್‌ಯುವಿ ಎಷ್ಟೇ ಚಂದ ಕಂಡರೂ ಇಲ್ಲಿ ಸೋಲುವುದೇ ಹೆಚ್ಚು. ವೀಲ್‌ಚೇರನ್ನು ಷೋರೂಮಿಗೇ ಒಯ್ದು, ಮಡಚಿ, ಡಿಕ್ಕಿಯಲ್ಲಿ ಇಟ್ಟು ನೋಡಿ. ಸಿಎನ್‌ಜಿ ಸಿಲಿಂಡರ್ ಇರುವ ಕಾರಿನಲ್ಲಿ ಜಾಗ ಸಾಲದಿರುವುದೇ ಹೆಚ್ಚು. ಎಎಂಟಿ (ಮಾಮೂಲಿ ಗೇರನ್ನೇ ಯಂತ್ರ ಬದಲಿಸುವ ಬಗೆಯ ಆಟೊಮ್ಯಾಟಿಕ್) ಗೇರ್ ಅಗ್ಗ, ಆದರೆ ಏರಿನಲ್ಲಿ ಲಿವರನ್ನು ಬ್ರೇಕಿನಿಂದ ಆಕ್ಸಿಲರೇಟರಿಗೆ ತರುವಷ್ಟರಲ್ಲಿ ಕಾರು ಹಿಂದಕ್ಕೆ ಜಾರುತ್ತದೆ. ಹಿಲ್ ಹೋಲ್ಡ್ (ಏರಿನಲ್ಲಿ ಕಾರನ್ನು ಕ್ಷಣಕಾಲ ತಾನೇ ಹಿಡಿದಿಡುವ ಸೌಲಭ್ಯ) ಇಲ್ಲದ ಎಎಂಟಿ ಬೇಡವೇ ಬೇಡ. ಸಿವಿಟಿ ಅಥವಾ ಟಾರ್ಕ್ ಕನ್ವರ್ಟರ್ ಬಗೆಯ ಆಟೊಮ್ಯಾಟಿಕ್ ಗೇರ್ ಸಿಕ್ಕರೆ ಒಳ್ಳೆಯದು.

ಇನ್ನು ಹ್ಯಾಂಡ್ ಕಂಟ್ರೋಲ್ ಕಿಟ್. ಮುಂದಕ್ಕೆ ತಳ್ಳಿದರೆ ಬ್ರೇಕ್, ತನ್ನ ಕಡೆ ಎಳೆದರೆ ಆಕ್ಸಿಲರೇಟರ್, ಇಂಥದ್ದನ್ನೇ ಆರಿಸಿ. ಕಾರಣವಿದೆ. ಸೊಂಟದ ಮೇಲೆ ಹಿಡಿತ ಕಡಿಮೆ ಇದ್ದವರ ಮೈ ಜೋರಾಗಿ ಬ್ರೇಕ್ ಬಿದ್ದಾಗ ಮುಂದಕ್ಕೆ ವಾಲುತ್ತದೆ. ಈ ಕಿಟ್‌ನಲ್ಲಿ ಆ ಭಾರ ಬ್ರೇಕಿನ ಮೇಲೇ ಬೀಳುತ್ತದೆ. ಕೆಳಕ್ಕೆ ಒತ್ತಿದರೆ ವೇಗ ಹೆಚ್ಚುವ ಕಿಟ್‌ನಲ್ಲಿ ಅದೇ ಭಾರ ಆಕ್ಸಿಲರೇಟರಿನ ಮೇಲೆ ಬಿದ್ದೀತು. ಕಿಟ್ ಯಾವುದೇ ಇರಲಿ, ಮಾಮೂಲಿ ಬೆಲ್ಟಿನ ಜೊತೆಗೆ ಎದೆಗೆ ಅಡ್ಡಲಾಗಿ ಇನ್ನೊಂದು ಪಟ್ಟಿ ಕಟ್ಟಿಕೊಳ್ಳಿ. ಹಾರ್ನ್ ಬಟನ್ ಲಿವರಿನ ಹಿಡಿಯಲ್ಲೇ ಇರಲಿ. ಇನ್ನೊಂದು ಕೈ, ಒಂದೇ ಕೈಯಲ್ಲಿ ತಿರುಗಿಸಲು ಸ್ಟೀರಿಂಗಿಗೆ ಕೂರಿಸಿದ ಗುಬುಟಿನ ಮೇಲಿರುತ್ತದೆ, ಹಾರ್ನ್ ಇಲ್ಲದೆ ನಮ್ಮ ಪೇಟೆ ದಾಟಲಾಗದು. ಕಾಲು ಸೆಟೆಯುವ ತೊಂದರೆ ಇದ್ದರೆ ಪೆಡಲಿಗೆ ತಗಲದಂತೆ ಮುಂದೆ ಒಂದು ತಡೆ ತಗಡು ಹಾಕಿಸಲೇಬೇಕು.

ಕೂರಿಸಿದ ಮೇಲೆ ಗ್ಯಾರೇಜು ಬಿಡುವ ಮುನ್ನವೇ ಪರೀಕ್ಷಿಸಿ. ಎಂಜಿನ್ ಚಾಲೂ ಇಟ್ಟುಕೊಂಡು ಲಿವರನ್ನು ಪೂರ್ತಿ ತಳ್ಳಿ ಅರ್ಧ ನಿಮಿಷ ಹಿಡಿಯಿರಿ. ಎಂಜಿನ್ ಬಂದ್ ಇದ್ದಾಗ ಬ್ರೇಕ್ ಬೂಸ್ಟರಿನ ನೆರವು ಸಿಗುವುದಿಲ್ಲ, ಪೆಡಲ್ ಕಲ್ಲಿನಂತಾಗಿ ಪರೀಕ್ಷೆ ಸುಳ್ಳಾಗುತ್ತದೆ. ಪೂರ್ತಿ ತಳ್ಳಿದಾಗಲೂ ಲಿವರಿಗೂ ಡ್ಯಾಷ್‌ಬೋರ್ಡಿಗೂ ನಡುವೆ ಎರಡು ಬೆರಳಿನ ಸಂದು ಉಳಿಯಬೇಕು. ಸ್ಟೀರಿಂಗನ್ನು ಮೇಲೆ ಕೆಳಗೆ ಸರಿಸಿಯೂ ನೋಡಿ. ಸರಿಸಿದಾಗ ಲಿವರಿನಿಂದ ಪೆಡಲಿಗೆ ಹೋಗುವ ರಾಡ್ ತಗಲುವುದುಂಟು. ಆಮೇಲೆ ಪ್ರತಿ ಕ್ಲ್ಯಾಂಪಿನ ನಟ್ಟಿನಿಂದ ಬೋಲ್ಟಿನವರೆಗೆ ಉಗುರುಬಣ್ಣದ ಒಂದು ಗೆರೆ ಎಳೆದುಬಿಡಿ. ನಟ್ಟು ಸಡಿಲಾದರೆ ಗೆರೆ ಮುರಿದು ಕಾಣುತ್ತದೆ. ಹಂಪು, ತಗ್ಗುಗಳ ರಸ್ತೆಯಲ್ಲಿ ಸಡಿಲಾಗುವುದು ಖಂಡಿತ. ಮೊದಲ 500 ಕಿ.ಮೀ. ಆದಾಗ ಒಮ್ಮೆ, ಆಮೇಲೆ ತಿಂಗಳಿಗೊಮ್ಮೆ ನೋಡಿ.

ಅಡಾಸ್ ಇರುವ ಕಾರಿನಲ್ಲಿ ಒಂದು ದೂರು ಬರಬಹುದು: ಕಿಟ್ ಹಾಕಿಸಿದ ಮೇಲೆ ಕ್ರೂಸ್ (ವೇಗವನ್ನೂ ಮುಂದಿನ ಗಾಡಿಯ ಅಂತರವನ್ನೂ ತಾನೇ ಕಾಯ್ದುಕೊಳ್ಳುವ ನೆರವು) ಹತ್ತುತ್ತಲೇ ಇಲ್ಲ. ಸೆನ್ಸರ್ ಕೆಟ್ಟಿತೆಂದು ಗಾಬರಿಯಾಗುವ ಮೊದಲು ಕಾರಿನ ಹಿಂದೆ ಒಬ್ಬರನ್ನು ನಿಲ್ಲಿಸಿ, ಲಿವರ್ ಬಿಟ್ಟಾಗಲೂ ಬ್ರೇಕ್ ದೀಪ ಉರಿಯುತ್ತಿದೆಯೇ ಕೇಳಿ. ಉರಿಯುತ್ತಿದ್ದರೆ ರಾಡ್ ಉದ್ದವಾಗಿ ಪೆಡಲನ್ನು ಕೂದಲೆಳೆಯಷ್ಟು ಒತ್ತಿ ಹಿಡಿದಿದೆ. ಬ್ರೇಕ್ ಪ್ಯಾಡೂ ಬಿಸಿಯಾಗುತ್ತಿರುತ್ತದೆ. ಆಕ್ಸಿಲರೇಟರ್ ಕಡೆ ಹೀಗಾದರೆ ಇನ್ನೂ ಕೆಟ್ಟದ್ದು: ಚಾಲಕ ಬೇಕೆಂದೇ ವೇಗ ಹೆಚ್ಚಿಸುತ್ತಿದ್ದಾನೆ ಎಂದುಕೊಂಡು ಕ್ರೂಸ್ ಬ್ರೇಕ್ ಹಾಕದೆ ಸುಮ್ಮನಿರಬಹುದು.

ಸೆಟ್ಟಿಂಗ್‌ನಲ್ಲಿ ಮುಂದಿನ ಗಾಡಿಯ ಅಂತರವನ್ನು ಅತಿ ಹೆಚ್ಚಿಗೆ, ಡಿಕ್ಕಿ ಹೊಡೆದೀತೆಂಬ ಎಚ್ಚರಿಕೆಯನ್ನು ಅತಿ ಬೇಗ ಬರುವಂತೆ ಇಟ್ಟುಕೊಳ್ಳಿ. ಲೇನ್ ಹಿಡಿಸುವ ನೆರವು ಬೆಳಗಾವಿ ದಾಟುವ ಹೆದ್ದಾರಿ 48ರಲ್ಲಿ, ವಿಜಯಪುರ–ಹುಬ್ಬಳ್ಳಿಯ 52ರಲ್ಲಿ ಬಿಳಿ ಗೆರೆ ಸ್ಪಷ್ಟವಿದ್ದಲ್ಲಿ ಮಾತ್ರ ಇರಲಿ. ಒಳರಸ್ತೆಗೆ ಹೊರಳಿದ ಕೂಡಲೇ ತೆಗೆಯಿರಿ. ಅಳಿಸಿದ ಗೆರೆಯನ್ನು ನಂಬಿ ಅದು ಸ್ಟೀರಿಂಗ್ ಜಗ್ಗುತ್ತದೆ, ಒಂದೇ ಕೈಯಲ್ಲಿ ಹಿಡಿದವರಿಗೆ ಅದು ಕಿರಿಕಿರಿಯಷ್ಟೇ ಅಲ್ಲ, ಅಪಾಯ.

ಕಬ್ಬು ಕಡಿಯುವ ಕಾಲದಲ್ಲಿ ಮುಧೋಳ, ಜಮಖಂಡಿ ಕಡೆ ಕತ್ತಲಾದ ಮೇಲೆ ಕ್ರೂಸ್ ಮುಟ್ಟಲೇಬೇಡಿ. ಎರಡು ಟ್ರೇಲರ್ ಕಟ್ಟಿಕೊಂಡು, ಹಿಂದೆ ದೀಪವಿಲ್ಲದೆ, ಕಬ್ಬು ಹೊರಚಾಚಿ ನಿಂತ ಟ್ರ್ಯಾಕ್ಟರನ್ನು ಕ್ಯಾಮೆರಾ ಗಾಡಿಯೆಂದು ಗುರುತಿಸದೇ ಹೋಗಬಹುದು. ರಾಡಾರಿನ ಲೆಕ್ಕಾಚಾರವೂ ವೇಗದಲ್ಲಿರುವಾಗ ನಿಂತ ವಸ್ತುಗಳನ್ನು ರಸ್ತೆಬದಿಯ ಕಂಬಗಳ ಸಾಲಿಗೆ ಸೇರಿಸಿ ಬಿಟ್ಟುಬಿಡುವುದುಂಟು. ಮಳೆಗಾಲದಲ್ಲಿ ಎರಿಮಣ್ಣಿನ ಕೆಸರು ಬಂಪರಿನ ರಾಡಾರಿಗೆ ಮೆತ್ತಿದರೆ ವ್ಯವಸ್ಥೆ ತಾನೇ ಬಂದ್ ಆಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಮುಂದಿನ ಗಾಜು ಬದಲಿಸಿದರೆ ಮಾತ್ರ ಕ್ಯಾಮೆರಾ ಕ್ಯಾಲಿಬ್ರೇಷನ್ (ಅದರ ನೋಟವನ್ನು ಮತ್ತೆ ಸರಿಹೊಂದಿಸುವುದು) ಮಾಡಿಸದೆ ಓಡಿಸಬೇಡಿ.

ಬೇಸಿಗೆಯ ಮಾತು ಬೇರೆಯೇ. ಕಾಲಿನಲ್ಲಿ ಸ್ಪರ್ಶವಿಲ್ಲದವರಿಗೆ ಬಿಸಿಲಿಗೆ ನಿಂತ ಕಾರಿನ ಬೆಲ್ಟ್ ಬಕಲ್ ತೊಡೆ ಸುಟ್ಟರೂ ತಿಳಿಯುವುದಿಲ್ಲ. ಮನೆಗೆ ಬಂದು ಬಟ್ಟೆ ಬಿಚ್ಚಿದಾಗ ಬೊಬ್ಬೆ ಕಾಣುತ್ತದೆ. ಸೀಟಿನ ಮೇಲೆ ದಪ್ಪ ಟವೆಲ್ ಹಾಸಿಡಿ, ಹತ್ತುವ ಮೊದಲೇ ಎಸಿ ಹಾಕಿಸಿ. ಒತ್ತುಹುಣ್ಣು ಆಗದಂತೆ ಅರ್ಧ ಗಂಟೆಗೊಮ್ಮೆ ಬದಿಗೆ ನಿಲ್ಲಿಸಿ ಕೈಯೂರಿ ಮೈ ಎತ್ತಿ. ವಿಜಯಪುರದಿಂದ ಬಾಗಲಕೋಟೆಗೆ ಹೊರಟರೆ ಕೊಲ್ಹಾರದ ಉದ್ದ ಸೇತುವೆ ಮೇಲೆ ನಿಲ್ಲಲಾಗದು, ಅದಕ್ಕೂ ಮೊದಲೇ ನಿಲ್ಲಿ. ಹೇಗೂ ಅಲ್ಲಿ ಮೊಸರಿಗೆ ನಿಲ್ಲುವವರೇ ಎಲ್ಲರೂ.

ಕಾಗದಪತ್ರ ಅಷ್ಟೇನೂ ಕಷ್ಟವಲ್ಲ, ಕ್ರಮ ತಪ್ಪಬಾರದು. ಕಿಟ್ ಕೊಳ್ಳುವ ಮೊದಲೇ ಆರ್‌ಟಿಒ ಇನ್‌ಸ್ಪೆಕ್ಟರ್‌ಗೆ ಅದರ ಪ್ರಮಾಣಪತ್ರ ತೋರಿಸಿ ಕೇಳಿ. ಕೂರಿಸಿದ 14 ದಿನದೊಳಗೆ ಬದಲಾವಣೆ ವರದಿ ಮಾಡಿ ಆರ್‌ಸಿಯಲ್ಲಿ ಬರೆಸಿ. ಹೊಸ ಕಾರಿನ ನೋಂದಣಿ ಅರ್ಜಿಯಲ್ಲಿ ಮಾಲೀಕತ್ವದ ಬಗೆ ‘ದಿವ್ಯಾಂಗಜನ’ ಎಂದಿರಲಿ. ಡೀಲರ್ ಹುಡುಗರು ‘ವ್ಯಕ್ತಿ’ ಎಂದು ಹಾಕಿಬಿಟ್ಟರೆ ಮುಂದೆ ಟೋಲ್ ವಿನಾಯಿತಿಯ ಫಾಸ್ಟ್ಯಾಗ್‌ಗೆ ಅಲೆದಾಟ ತಪ್ಪದು. ಜಿಎಸ್‌ಟಿ ರಿಯಾಯಿತಿ ಕೊಡಿಸುತ್ತೇವೆಂದು ದುಡ್ಡು ಕೇಳುವ ಏಜೆಂಟರನ್ನು ದೂರವಿಡಿ: 2025ರ ಸೆಪ್ಟೆಂಬರ್ 22ರಿಂದ 4 ಮೀಟರ್ ಒಳಗಿನ ಸಣ್ಣ ಕಾರುಗಳಿಗೆ ಎಲ್ಲರಿಗೂ ಶೇ. 18. ವಿಮಾ ಕಂಪನಿಗೂ ಕಿಟ್ ವಿಷಯ ತಿಳಿಸಿ ಪಾಲಿಸಿಯಲ್ಲಿ ಬರೆಸಿ.

ಎಲ್‌ಎಲ್ಆರ್ ಸಿಕ್ಕ 30 ದಿನದ ಮೇಲೆ, 6 ತಿಂಗಳೊಳಗೆ ಟೆಸ್ಟ್. ಕಲಿಯುವಾಗ ಪಕ್ಕದಲ್ಲಿ ಲೈಸೆನ್ಸ್ ಇರುವವರು ಕೂತು, ಅವರ ಕೈ ಪಾರ್ಕಿಂಗ್ ಬ್ರೇಕಿಗೆ ಎಟಕುವಂತಿರಬೇಕು. ಖಾಲಿ ಮೈದಾನದಲ್ಲಿ 20, 30, 40 ಕಿ.ಮೀ. ವೇಗದಿಂದ ಪೂರ್ತಿ ನಿಲ್ಲಿಸುವುದನ್ನು ಕೈ ತಾನಾಗಿ ಮಾಡುವವರೆಗೆ ಅಭ್ಯಾಸ ಮಾಡಿ. ಅಷ್ಟೂ ದಿನ ಕ್ರೂಸ್, ಲೇನ್ ನೆರವು ಬಂದ್ ಇರಲಿ. ಟೆಸ್ಟಿಗೂ ಹಾಗೆಯೇ, ನಿಮ್ಮದೇ ಕಿಟ್ ಇರುವ ಕಾರಿನಲ್ಲೇ ಹೋಗಿ.