ಹತ್ತು ಮೀಟರ್ ಪಡಸಾಲೆಯಲ್ಲಿ ನಡಿಗೆ ನೋಡುವುದು: ನನ್ನ ಅನುಭವ

ನಡಿಗೆ ಪರೀಕ್ಷೆಗೆ ನಾನು ಬಳಸುವ ಸಾಮಾನು ಇಷ್ಟೇ: 10 ಮೀಟರ್ ಉದ್ದದ ಸಮತಟ್ಟಾದ ಪಡಸಾಲೆ, ಸೀಮೆಸುಣ್ಣ, ಅಳತೆ ಟೇಪು, ಸ್ಲೋ ಮೋಷನ್ ಇರುವ ಮೊಬೈಲು, ಒಂದು ಹಾಳೆ ಟಿಕ್ಲಿ. ನೆಲದೊಳಗೆ ಬಲ ಅಳೆಯುವ ಹಲಗೆ ಹೂತಿಟ್ಟ ಪ್ರಯೋಗಾಲಯ ಹಾಸನದ ಸಣ್ಣ ಫಿಸಿಯೋಥೆರಪಿ ಕೋಣೆಗೆ ಎಟುಕುವುದಿಲ್ಲ. ಆದರೆ ಕುಂಟು ಕಾಣುವ ಜಾಗ ಒಂದು, ಕೆಟ್ಟಿರುವ ಜಾಗ ಇನ್ನೊಂದು ಎಂಬುದನ್ನು ಪತ್ತೆ ಹಚ್ಚಲು ಈ ಸಾಮಾನು ಬಹುಪಾಲು ಸಾಕಾಗುತ್ತದೆ.

ನೆಲದ ಮೇಲೆ 0, 2, 8, 10 ಮೀಟರಿಗೆ ಗೆರೆ ಎಳೆಯುತ್ತೇನೆ. ಮೊದಲ 2 ಮೀಟರ್ ವೇಗ ಹಿಡಿಯಲು, ಕೊನೆಯ 2 ನಿಲ್ಲಲು. ಗಡಿಯಾರ ಒತ್ತುವುದು ನಡುವಿನ 6 ಮೀಟರಿಗೆ ಮಾತ್ರ. 5 ಸೆಕೆಂಡಿಗೆ ದಾಟಿದರೆ ಸೆಕೆಂಡಿಗೆ 1.2 ಮೀಟರ್. ಆರೋಗ್ಯವಂತ ವಯಸ್ಕರದು ಸಾಮಾನ್ಯವಾಗಿ 1.2ರಿಂದ 1.4, ನಿಮಿಷಕ್ಕೆ 100ರಿಂದ 120 ಹೆಜ್ಜೆ. 0.8ಕ್ಕಿಂತ ಇಳಿದರೆ ಮನೆಯೊಳಗೆ ಹೇಗೋ ನಡೆಯುತ್ತದೆ, ರಸ್ತೆ ದಾಟುವುದು, ಸಂತೆ ಸುತ್ತುವುದು ಕಷ್ಟವಾಗುತ್ತದೆ. ಮೂರು ಸಲ ನಡೆಸಿ ಸರಾಸರಿ ತೆಗೆಯುತ್ತೇನೆ.

ಟಿಕ್ಲಿ ಅಂಟಿಸುವುದು ಸೊಂಟದ ಪಕ್ಕದಲ್ಲಿ ಕೈಗೆ ಸಿಗುವ ಮೂಳೆಯುಬ್ಬು, ಮಂಡಿಯ ಹೊರಬದಿ, ಕಾಲುಗಿಣ್ಣಿನ ಹೊರಗಂಟು, ಹಿಮ್ಮಡಿ, ಕಿರುಬೆರಳಿನ ಬುಡ, ಈ ಐದು ಕಡೆ. ಪಂಚೆಯಾದರೆ ಎತ್ತಿ ಕಟ್ಟಿಸಬೇಕು. ಹೆಂಗಸರಿಗೆ ಮಂಡಿ ಮೇಲಕ್ಕೆ ಮಡಚಬಹುದಾದ ಪೈಜಾಮ ಕೋಣೆಯಲ್ಲೇ ಇಟ್ಟಿರಬೇಕು. ಸೀರೆಯ ನೆರಿಗೆಯ ಹಿಂದೆ ಮಂಡಿ ಏನು ಮಾಡುತ್ತಿದೆ ಎಂದು ಊಹಿಸಿದರೆ ತಪ್ಪುತ್ತದೆ. ಚಿತ್ರ ತೆಗೆಯಲು ಅವರ ಒಪ್ಪಿಗೆ ಮೊದಲೇ ಕೇಳಿರಬೇಕು. ಮೊಬೈಲನ್ನು ಕೈಯಲ್ಲಿ ಹಿಡಿಯಬಾರದು. ಸೊಂಟದ ಎತ್ತರಕ್ಕೆ ಸ್ಟೂಲಿನ ಮೇಲಿಟ್ಟು, ನಡೆಯುವ ಗೆರೆಗೆ ನೇರ ಅಡ್ಡವಾಗಿ 3 ಮೀಟರ್ ದೂರದಲ್ಲಿ ನಿಲ್ಲಿಸುತ್ತೇನೆ. ಓರೆಯಾದರೆ ಮಂಡಿ ಮಡಚಿದ್ದು ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ. ಸೆಕೆಂಡಿಗೆ 30 ಚಿತ್ರದ ಮಾಮೂಲಿ ವಿಡಿಯೋದಲ್ಲಿ ಹಿಮ್ಮಡಿ ನೆಲಕ್ಕೆ ತಾಗುವ ಗಳಿಗೆಯೇ ತಪ್ಪಿಹೋಗಬಹುದು. 120 ಅಥವಾ 240 ಬೇಕು.

ನೋಡುತ್ತಿದ್ದಾರೆ ಎಂದು ಗೊತ್ತಾದ ತಕ್ಷಣ ಯಾರಾದರೂ ನೆಟ್ಟಗೆ ನಡೆಯಲು ಪ್ರಯತ್ನಿಸುತ್ತಾರೆ. ಅದಕ್ಕೆ ಮೊದಲ ಎರಡು ಸುತ್ತನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಸರಾಸರಿಯ ಮೂರು ಸಲ ಅದರ ನಂತರದವು. ಗೇಟಿನಿಂದ ಒಳಗೆ ಬರುವಾಗಿನ ನಡಿಗೆಗೆ ಹೆಚ್ಚು ಬೆಲೆ ಕೊಡುತ್ತೇನೆ. ಒಂದು ಸುತ್ತು ಕಣ್ಣು ಮುಚ್ಚಿ ಬರೀ ಸಪ್ಪಳ ಕೇಳುವುದೂ ಉಂಟು. ನೋವಿರುವ ಕಾಲು ನೆಲದ ಮೇಲೆ ಕಡಿಮೆ ಹೊತ್ತು ನಿಲ್ಲುವುದರಿಂದ ತಾಳ ತಪ್ಪಿ ಕೇಳಿಸುತ್ತದೆ.

ಆಮೇಲೆ ಚಪ್ಪಲಿ ತಿರುಗಿಸಿ ನೋಡಬೇಕು. ಹವಾಯಿ ಚಪ್ಪಲಿಯ ತಳ ಸುಳ್ಳು ಹೇಳುವುದಿಲ್ಲ. ಹಿಮ್ಮಡಿಯ ಹೊರಅಂಚು ಸ್ವಲ್ಪ ಸವೆದಿರುವುದು ಎಲ್ಲರಿಗೂ ಇದ್ದದ್ದೇ. ಹಿಮ್ಮಡಿ ಹೊಸದರಂತಿದ್ದು ಮುಂದಿನ ತುದಿ ಮಾತ್ರ ತೇದಿದ್ದರೆ ಆ ಪಾದ ನೆಲ ಕೆರೆಯುತ್ತಿದೆ. ಚಪ್ಪಲಿ ಕಳಚಿ ಹೋದದ್ದೇ ಗೊತ್ತಾಗಲಿಲ್ಲ ಎಂದು ಸಕ್ಕರೆ ಕಾಯಿಲೆಯವರು ಹೇಳಿದರೆ, ನಡಿಗೆಗೂ ಮೊದಲು ಪಾದದ ಸ್ಪರ್ಶ ಪರೀಕ್ಷಿಸುತ್ತೇನೆ.

ಒಂದು ಹಿಮ್ಮಡಿ ನೆಲಕ್ಕೆ ತಾಗಿದಲ್ಲಿಂದ ಅದೇ ಹಿಮ್ಮಡಿ ಮತ್ತೆ ತಾಗುವವರೆಗೆ ಒಂದು ಸುತ್ತು. ಅದರಲ್ಲಿ ಸುಮಾರು 60 ಪಾಲು ಕಾಲು ನೆಲದ ಮೇಲೆ, 40 ಪಾಲು ಗಾಳಿಯಲ್ಲಿ. ಗಾಳಿಯಲ್ಲಿ ಸಾಗುವಾಗ ಮಂಡಿ ಸುಮಾರು 60 ಡಿಗ್ರಿ ಮಡಚುತ್ತದೆ. ಅಷ್ಟು ಮಡಚಿದರೂ ಬೆರಳತುದಿಗೂ ನೆಲಕ್ಕೂ ಉಳಿಯುವ ಅಂತರ ಒಂದೆರಡು ಸೆಂಟಿಮೀಟರ್ ಅಷ್ಟೇ. ಹೊಸ್ತಿಲು, ಎದ್ದ ಕಲ್ಲುಚಪ್ಪಡಿ ಎಡವಿಸುವುದು ಇದಕ್ಕೇ. ವೇಗ ತಗ್ಗಿದರೆ ಈ 60 ಡಿಗ್ರಿಯೂ ತಾನಾಗಿ ತಗ್ಗುತ್ತದೆ. ನಿಧಾನ ನಡೆಯುವವರ ಮಂಡಿಯನ್ನು ಬಿರುಸಾಗಿ ನಡೆಯುವವರ ಮಂಡಿಗೆ ಹೋಲಿಸಿ ದೋಷ ಎಂದು ಬರೆಯುವುದು ಹೊಸಬರು ಮಾಡುವ ದೊಡ್ಡ ತಪ್ಪು.

ನಮ್ಮ ಕಡೆ ವಿಶೇಷ ಗಮನ ಕೊಡಬೇಕಾದದ್ದು ಜೋತುಬಿದ್ದ ಪಾದ. ಶುಂಠಿ ಬಿಡಿಸುವುದು, ಆಲೂಗಡ್ಡೆ ಆರಿಸುವುದು, ಕಳೆ ಕೀಳುವುದು ಎಲ್ಲ ಕುಕ್ಕರಗಾಲಿನ ಕೆಲಸ. ಮಂಡಿಯ ಹೊರಬದಿಗೆ, ಸ್ವಲ್ಪ ಕೆಳಗೆ, ಸಣ್ಣ ಮೂಳೆಯ ಕುತ್ತಿಗೆಯನ್ನು ಒಂದು ನರ ಸುತ್ತಿಕೊಂಡು ಹೋಗುತ್ತದೆ. ಅದರ ಮೇಲೆ ಇರುವುದು ತೆಳ್ಳಗಿನ ಚರ್ಮ ಅಷ್ಟೇ. ಗಂಟೆಗಟ್ಟಲೆ ಕುಕ್ಕರಗಾಲಲ್ಲಿ ಕೂತರೆ ನರ ಒತ್ತಿಹೋಗಿ ಪಾದ ಎತ್ತುವ ಸ್ನಾಯುಗಳು ಸೋಲುತ್ತವೆ. ಅರೆಬರೆ ಸೋತಿದ್ದರೆ ಹಿಮ್ಮಡಿ ತಾಗಿದೊಡನೆ ಅಂಗಾಲು ಪಟ್ಟೆಂದು ಬಡಿಯುತ್ತದೆ. ಪೂರ್ತಿ ಸೋತಿದ್ದರೆ ಬೆರಳು ಮೊದಲು ತಾಗುತ್ತದೆ. ಅದು ಎಡವದಿರಲೆಂದು ಮೆಟ್ಟಿಲು ಹತ್ತುವವರ ಹಾಗೆ ಮಂಡಿಯನ್ನು ಮೇಲೆತ್ತುತ್ತಾರೆ. ನೋಡುವವರ ಕಣ್ಣಿಗೆ ಮಂಡಿಯೇ ಕೆಟ್ಟಂತೆ ಕಾಣುತ್ತದೆ.

ಇದೇ ಚಿತ್ರ ಬೆನ್ನಿನ ಐದನೇ ಸೊಂಟನರ ಒತ್ತಿದರೂ ಬರುತ್ತದೆ. ಬೇರ್ಪಡಿಸಲು ಎರಡು ಪರೀಕ್ಷೆ: ಪಾದವನ್ನು ಒಳಕ್ಕೆ ತಿರುಗಿಸಿ ನನ್ನ ಕೈಯನ್ನು ತಳ್ಳಿಸುತ್ತೇನೆ. ಮಗ್ಗುಲಾಗಿ ಮಲಗಿಸಿ ಇಡೀ ಕಾಲನ್ನು ಮೇಲೆತ್ತಿಸುತ್ತೇನೆ. ಎರಡೂ ಗಟ್ಟಿಯಾಗಿದ್ದರೆ ತೊಂದರೆ ಮಂಡಿಯ ಹತ್ತಿರದ್ದು, ಎರಡೂ ಸೋತಿದ್ದರೆ ಬೆನ್ನಿನದು ಎಂಬ ಅನುಮಾನ ಬಲವಾಗುತ್ತದೆ. ಮಂಡಿ ಪಕ್ಕದ ಆ ನರ ಬೆರಳಿಗೆ ಹಗ್ಗದಂತೆ ದಪ್ಪ ಸಿಕ್ಕಿ, ಚರ್ಮದಲ್ಲಿ ಸ್ಪರ್ಶವಿಲ್ಲದ ಮಚ್ಚೆ ಇದ್ದರೆ ಕುಷ್ಠರೋಗದ ತಪಾಸಣೆಗೆ ಅಂದೇ ಕಳಿಸಬೇಕು. ಪಾದ ದಿಢೀರನೆ ಜೋತುಬಿದ್ದು ಮೂತ್ರವೂ ಕಟ್ಟಿದ್ದರೆ ಒಂದು ಗಳಿಗೆಯೂ ಕಾಯದೆ ದೊಡ್ಡಾಸ್ಪತ್ರೆಗೆ.

ಪಾದ ಎತ್ತಿಹಿಡಿಯುವ ಪ್ಲಾಸ್ಟಿಕ್ ಪಟ್ಟಿ ಹಾಕಿದರೆ ಸಮನೆಲದಲ್ಲಿ ಸುಖ, ಇಳಿಜಾರಿನಲ್ಲಿ ಎಚ್ಚರ. ಪಟ್ಟಿ ತೀರಾ ಬಿಗಿಯಾಗಿದ್ದರೆ ಹಿಮ್ಮಡಿ ತಾಗಿದಾಗ ಪಾದ ಕೆಳಕ್ಕೆ ಬಾಗುವುದಿಲ್ಲ. ಅದರ ಬದಲು ಮೊಣಕಾಲ ಕೆಳಗಿನ ಮೂಳೆಯೇ ಮುಂದಕ್ಕೆ ನುಗ್ಗಿ ಮಂಡಿ ಕುಸಿಯುತ್ತದೆ. ಕಾಫಿ ತೋಟದ ಇಳಿಜಾರಿನಲ್ಲಿ ಇಳಿಯುವವರಿಗೆ ಸ್ವಲ್ಪ ಬಾಗುವ ಪಟ್ಟಿಯೇ ಮೇಲು, ತೊಡೆಯ ಮುಂಭಾಗದ ಸ್ನಾಯುವೂ ಗಟ್ಟಿ ಇರಬೇಕು. ಹವಾಯಿ ಚಪ್ಪಲಿಯಲ್ಲಿ ಪಟ್ಟಿ ನಿಲ್ಲದು. ಹಿಂದೆ ಬೆಲ್ಟ್ ಇರುವ, ಒಂದು ಸೈಜು ದೊಡ್ಡ ಚಪ್ಪಲಿ ಬೇಕು. ಬಿಚ್ಚಿ ಅರ್ಧ ಗಂಟೆಯಾದರೂ ಕೆಂಪು ಗುರುತು ಆರದಿದ್ದರೆ ಪಟ್ಟಿಯನ್ನು ವಾಪಸ್ ತಂದು ಸರಿಮಾಡಿಸಿಕೊಳ್ಳಲು ಹೇಳುತ್ತೇನೆ. ಸ್ಪರ್ಶವಿಲ್ಲದ ಚರ್ಮದಲ್ಲಿ ಹುಣ್ಣಾಗುವುದು ಗೊತ್ತೇ ಆಗುವುದಿಲ್ಲ.

ಇನ್ನೊಂದು, ಸೊಂಟ. ಬಲಗಾಲ ಮೇಲೆ ನಿಂತಾಗ ಎಡಸೊಂಟ ಕೆಳಕ್ಕೆ ಜಾರಿದರೆ ಸೋತದ್ದು ಬಲಪಕ್ಕದ ಸ್ನಾಯು. ಜಾರಿದ ಬದಿಗೇ ಮಾಲೀಶು ಮಾಡಿಸಿಕೊಂಡು ತಿಂಗಳು ಕಳೆಯುವವರಿದ್ದಾರೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಲೆಕ್ಕ ಹೀಗೆ: 60 ಕೆ.ಜಿ. ತೂಕದವರು ಒಂದೇ ಕಾಲಲ್ಲಿ ನಿಂತರೆ ಆ ಸೊಂಟದ ಕೀಲಿನ ಮೇಲೆ ಕೂರುವ ಭಾರ ಸುಮಾರು 50 ಕೆ.ಜಿ. ಅದು ಕೀಲಿನಿಂದ 10 ಸೆಂ.ಮೀ. ಒಳಗೆ ಇಳಿಯುತ್ತದೆ, ಎಳೆದು ಹಿಡಿಯುವ ಸ್ನಾಯು ಇರುವುದು 5 ಸೆಂ.ಮೀ. ಹೊರಗೆ. ಸಮತೂಕಕ್ಕೆ ಸ್ನಾಯು 100 ಕೆ.ಜಿ. ಎಳೆಯಬೇಕು, ಕೀಲಿನ ಮೇಲೆ ಒಟ್ಟು 150. ಎಡಗೈಯಲ್ಲಿ ಕೋಲು ಹಿಡಿದು 6 ಕೆ.ಜಿ. ಒತ್ತಿದರೆ, ಆ ಕೈ ಕೀಲಿನಿಂದ 45 ಸೆಂ.ಮೀ. ದೂರ ಇರುವುದರಿಂದ, ಸ್ನಾಯುವಿನ ಪಾಲು 46 ಕೆ.ಜಿ.ಗೆ ಇಳಿಯುತ್ತದೆ. ಕೀಲಿನ ಭಾರ 90ರ ಆಸುಪಾಸು. ನಿಂತವರಿಗೆ ಹಾಕಿದ ಒರಟು ಲೆಕ್ಕ ಇದು, ಆದರೂ ಕೋಲು ನೋವಿನ ಎದುರು ಕೈಯಲ್ಲಿ ಏಕಿರಬೇಕು ಎಂದು ಇಷ್ಟು ಚೆನ್ನಾಗಿ ಹೇಳುವುದು ಬೇರೆ ಇಲ್ಲ. ನೋವಿರುವ ಕಡೆಗೇ ಹಿಡಿದರೆ ಈ ಸನ್ನೆಯ ಲಾಭ ಕೈತಪ್ಪುತ್ತದೆ. ಚಪ್ಪಲಿ ಹಾಕಿ, ಕೈ ಇಳಿಬಿಟ್ಟು ನಿಂತಾಗ ಕೋಲಿನ ತಲೆ ಮಣಿಕಟ್ಟಿನ ಗೆರೆಗೆ ಬರಬೇಕು. ಬಿದಿರಿನದಾದರೆ ತುದಿಗೆ ರಬ್ಬರ್ ಬಿರಡೆ ಹಾಕಲೇಬೇಕು. ಮಳೆಗಾಲದ ಪಾಚಿಗಟ್ಟಿದ ಅಂಗಳದಲ್ಲಿ ಬರಿಗೋಲು ಜಾರುತ್ತದೆ.

ಉಳಿದವನ್ನು ಗುರುತಿಸುವುದು ಸಲೀಸು. ಪಾರ್ಶ್ವವಾಯು ಆದವರು ಮಂಡಿ ಮಡಚಲಾಗದೆ ಕಾಲನ್ನು ಕುಡುಗೋಲಿನಂತೆ ಹೊರಗೆ ಬೀಸುತ್ತಾರೆ. ತೊಡೆ ಮೇಲೆ ಕೈ ಒತ್ತಿ ನಡೆಯುತ್ತಿದ್ದರೆ ತೊಡೆಯ ಮುಂಭಾಗದ ಸ್ನಾಯು ಸೋತಿದೆ, ಹಳೆಯ ಪೋಲಿಯೋದವರಲ್ಲಿ ಇದು ಎದ್ದು ಕಾಣುತ್ತದೆ. ಬೆಳಕಲ್ಲಿ ಸರಿಯಾಗಿ ನಡೆದು ಕತ್ತಲಲ್ಲಿ ತೂರಾಡಿದರೆ ಪಾದದಿಂದ ಸುದ್ದಿ ಬರುತ್ತಿಲ್ಲ, ಬಿ12 ಮತ್ತು ಸಕ್ಕರೆ ನೋಡಿಸಬೇಕು. ಪಾರ್ಕಿನ್ಸನ್‌ನವರಲ್ಲಿ ಮೊದಲು ಒಂದು ಕೈ ಬೀಸುವುದು ನಿಲ್ಲುತ್ತದೆ, ಆಮೇಲೆ ಹೆಜ್ಜೆ ಗಿಡ್ಡವಾಗುತ್ತದೆ, ಬಾಗಿಲ ಬಳಿ ಕಾಲು ನೆಲಕ್ಕೆ ಅಂಟಿದಂತೆ ನಿಲ್ಲುತ್ತಾರೆ. ಅವರಿಗೆ ಕೋಣೆಯಿಂದ ಬಚ್ಚಲವರೆಗೆ ನೆಲದ ಬಣ್ಣಕ್ಕೆ ಎದ್ದು ಕಾಣುವ ಟೇಪನ್ನು 40–50 ಸೆಂ.ಮೀ.ಗೊಂದರಂತೆ ಅಡ್ಡಡ್ಡ ಅಂಟಿಸಿ, ಗೆರೆ ದಾಟಿ ಹೆಜ್ಜೆ ಇಡಲು ಹೇಳಿದರೆ ಎಷ್ಟೋ ಜನರಿಗೆ ಕಾಲು ಬಿಡುತ್ತದೆ. ಎಳೆಯುವುದು, ನೂಕುವುದು ಬೇಡ.

ಆರು ವಾರದ ನಂತರ ಮತ್ತೆ ಅದೇ ಪಡಸಾಲೆ, ಅದೇ ಚಪ್ಪಲಿ, ಅದೇ ಸ್ಟೂಲು. ಪಾರ್ಕಿನ್ಸನ್‌ನವರಾದರೆ ಮಾತ್ರೆ ನುಂಗಿ ಎಷ್ಟು ಹೊತ್ತಾಗಿತ್ತೋ ಅಷ್ಟೇ ಹೊತ್ತಿಗೆ. ಒಂದು ಬದಲಾದರೂ ಹಳೆಯ ವಿಡಿಯೋ ಪಕ್ಕದಲ್ಲಿ ಹೊಸದನ್ನು ಇಟ್ಟು ನೋಡಲು ಬರುವುದಿಲ್ಲ.